ಸ್ವೆಟರ್ ಮುಗಿಯಿತು, ಕೈ ಸುಮ್ನೆ ಕೂರುತ್ತಿಲ್ಲ. ಮುಂದೆ ಏನು ಹೆಣೆಯಲಿ?

ಆಲ್ದೂರು_ಉಂಡೆ · ಮಾರ್ಚ್ 11

ನಿನ್ನೆ ರಾತ್ರಿ ಹತ್ತೂವರೆಗೆ ಕೊನೆಯ ಕುಣಿಕೆ ಮುಚ್ಚಿದೆ. ಕರೆಂಟ್ ಇರಲಿಲ್ಲ. ಮೊಬೈಲ್ ಟಾರ್ಚನ್ನು ಸಕ್ಕರೆ ಡಬ್ಬಕ್ಕೆ ಒರಗಿಸಿ ಇಟ್ಟುಕೊಂಡು ಕತ್ತಿನ ಪಟ್ಟಿ ಮುಗಿಸಿದೆ. ನೂಲು ಕತ್ತರಿಸಿ, ತುದಿಯನ್ನು ಒಳಗೆ ತೂರಿಸಿ, ಸ್ವೆಟರನ್ನು ತೊಡೆಯ ಮೇಲೆ ಹರಡಿಕೊಂಡು ಐದು ನಿಮಿಷ ಹಾಗೇ ಕೂತೆ. ತೋರಿಸೋಣ ಅಂದರೆ ಮನೆಯವರು ಗೊರಕೆ ಹೊಡೆಯುತ್ತಿದ್ದರು.

ಶುರು ಮಾಡಿದ್ದು ಕಳೆದ ಜೂನ್‌ನಲ್ಲಿ, ಮಳೆ ಹಿಡಿದ ಮೊದಲ ವಾರ. ಆ ಮಳೆಗಾಲಕ್ಕೇ ಹಾಕಿಸುವ ಯೋಚನೆ ಇತ್ತು. ನಕ್ಕುಬಿಡಿ. ಮೊದಲು ಬೆನ್ನಿನ ಭಾಗ ಹಾಕಿದೆ. ವಿಡಿಯೋದಲ್ಲಿ 8 ನಂಬರ್ ಸೂಜಿ ಅಂದರು. ಅತ್ತೆಯ ಹಳೇ ಪೆಟ್ಟಿಗೆಯಲ್ಲಿ 8 ನಂಬರ್ ಸೂಜಿ ಇತ್ತು. ಅವರು ಹೇಳಿದಷ್ಟೇ ಕುಣಿಕೆ, ಅವರು ಹೇಳಿದ ಹಾಗೇ ನಡುವೆ ಜಡೆ ವಿನ್ಯಾಸ. ಗಣಪತಿ ಹಬ್ಬದ ಹೊತ್ತಿಗೆ ಬೆನ್ನು ಮುಗಿಯಿತು. ಇವರ ಬೆನ್ನಿಗೆ ಹಿಡಿದರೆ ಎರಡೂ ಕಡೆ ಮೂರು ಮೂರು ಬೆರಳು ಸಾಲದು! ಬಿಚ್ಚಿದೆ. ಬಿಚ್ಚಿದ ನೂಲು ನೂಡಲ್ಸ್ ಥರ ಸುರುಳಿ ಸುರುಳಿ. ನೀರಲ್ಲಿ ಅದ್ದಿ, ಕುರ್ಚಿ ಬೆನ್ನಿಗೆ ಸುತ್ತಿ ಒಣಗಿಸಿ, ಮತ್ತೆ ಉಂಡೆ ಮಾಡಿ, ಕುಣಿಕೆ ಜಾಸ್ತಿ ಹಾಕಿ ಮೊದಲಿಂದ ಶುರು. ನವೆಂಬರ್‌ನಿಂದ ಅರೇಬಿಕಾ ಕುಯ್ಲು, ಅದು ಮುಗಿಯುವಷ್ಟರಲ್ಲಿ ರೋಬಸ್ಟಾ. ಮೂರು ತಿಂಗಳು ಸೂಜಿ ಮುಟ್ಟಲಿಲ್ಲ. ಒಂದು ತೋಳು ಅಕ್ಟೋಬರ್‌ನಲ್ಲಿ, ಇನ್ನೊಂದು ತೋಳು ಫೆಬ್ರವರಿಯಲ್ಲಿ ಆಗಿದ್ದು. ನಡುವೆ ನೂಲು ಸಾಲದೆ ಚಿಕ್ಕಮಗಳೂರಿಗೆ ಹೋಗಿ ಅದೇ ಬಣ್ಣ ತಂದೆ. ಅಂಗಡಿಯ ಟ್ಯೂಬ್‌ಲೈಟಿನಲ್ಲಿ ಒಂದೇ ಥರ ಕಂಡಿತ್ತು.

ಇವತ್ತು ಬೆಳಿಗ್ಗೆ ಐದು ಗಂಟೆಗೆ ರೋಬಸ್ಟಾಗೆ ನೀರು ಹೊಡೆಯಲು ಇವರು ಪಂಪ್‌ಸೆಟ್ ಹತ್ತಿರ ಹೊರಟರು. ಸ್ವೆಟರ್ ಹಾಕಿಕೊಂಡೇ ಹೋದರು. ಎಂಟು ಗಂಟೆಗೆ ಬಂದಾಗ ಅದನ್ನು ಬಿಚ್ಚಿ ಸೊಂಟಕ್ಕೆ ಕಟ್ಟಿಕೊಂಡಿದ್ದರು, ಎರಡು ತೋಳೂ ಹೊಟ್ಟೆಯ ಮುಂದೆ ಗಂಟು. ಬಿಸಿಲಲ್ಲಿ ತೋಳುಗಳು ಹಾಗೆ ಪಕ್ಕಪಕ್ಕ ಬಂದಾಗಲೇ ನನಗೆ ಗೊತ್ತಾಗಿದ್ದು. ಬಲಗೈ ಬಲಿತ ಕಾಫಿ ಎಲೆ, ಎಡಗೈ ಈಗಷ್ಟೇ ಬಿಟ್ಟ ಎಲೆ.

ಇರಲಿ. ಈಗ ನನ್ನ ಪ್ರಶ್ನೆ ಬೇರೆ. ಒಂಬತ್ತು ತಿಂಗಳು ಸಂಜೆ ಹೊತ್ತು ಕೈಯಲ್ಲಿ ಒಂದು ಕೆಲಸ ಇತ್ತು. ಇವತ್ತು ಸಂಜೆ ಕಾಫಿ ಕುಡಿದು ಕೂತರೆ ಬೆರಳು ತಾವೇ ಆಡುತ್ತಿವೆ. ಅಡುಗೆ ಮನೆಯ ತಕ್ಕಡಿಯಲ್ಲಿ ತೂಗಿದೆ, 130 ಗ್ರಾಂ ಹಸಿರು ನೂಲು ಉಳಿದಿದೆ, ಎರಡೂ ಹಸಿರು ಸೇರಿ. ನಾದಿನಿಯ ಮಗಳಿಗೆ ಜೂನ್ ಕೊನೆಗೆ ದಿನ. ಮಗುವಿಗೆ ಕುಂಚಿಗೆ ಹಾಕೋಣ ಅಂತ ಆಸೆ. ಆದರೆ ಅತ್ತೆ ಬಿಡಲ್ಲ, ಹುಟ್ಟುವ ಮುಂಚೆ ಮಗುವಿನದು ಅಂತ ಒಂದು ದಾರವನ್ನೂ ಮನೆಗೆ ತರಬಾರದು ಅನ್ನುತ್ತಾರೆ. ಮಗನಿಗೆ ಸ್ವೆಟರ್ ಹಾಕಬಹುದು, ಬೆಂಗಳೂರಿನಲ್ಲಿ ಅವನು ತೊಡಲ್ಲ. ನನಗೇ ಒಂದು ಶಾಲು? ಸಾಕ್ಸ್? ನೀವೆಲ್ಲ ಒಂದು ಮುಗಿದ ಮೇಲೆ ಇನ್ನೊಂದನ್ನು ಹೇಗೆ ಆರಿಸುತ್ತೀರಿ?

ಸಕಲೇಶಪುರ_ಜಡಿಮಳೆ · ಮಾರ್ಚ್ 11

ಮೊದಲು ಅಭಿನಂದನೆ. ಒಂಬತ್ತು ತಿಂಗಳು ಅಂದರೆ ನೀವೇ ಒಂದು ಹೆತ್ತ ಹಾಗಾಯಿತು.

ಸಾಕ್ಸ್ ಹಾಕಿ. ಬೇರೆ ಮಾತೇ ಇಲ್ಲ. ಮೂರು ತಿಂಗಳಲ್ಲಿ ಮತ್ತೆ ಗಮ್‌ಬೂಟ್ ಕಾಲ ಬರುತ್ತದೆ. ಬೂಟಿನೊಳಗೆ ಹತ್ತಿ ಸಾಕ್ಸ್ ಒಮ್ಮೆ ಒದ್ದೆ ಆಯಿತೋ, ಸಂಜೆವರೆಗೆ ಕಾಲು ಮಂಜುಗಡ್ಡೆ. ಉಣ್ಣೆ ಒದ್ದೆಯಾದರೂ ಒಂದಿಷ್ಟು ಬಿಸಿ ಇಟ್ಟುಕೊಳ್ಳುತ್ತದೆ. ನಿಮ್ಮದು ದಪ್ಪ ನೂಲು ಅಂತ ಕಾಣುತ್ತದೆ, 130 ಗ್ರಾಂ ಇದ್ದರೆ ಗಂಡಸರ ಕಾಲಿಗೆ ಒಂದು ಜೊತೆ ಧಾರಾಳವಾಗಿ ಆಗುತ್ತದೆ. ಎರಡು ಹಸಿರು ಇದ್ದರೆ ಹಿಮ್ಮಡಿ ಮತ್ತು ಬೆರಳಿನ ಜಾಗ ಎಳೆ ಹಸಿರಲ್ಲಿ ಹಾಕಿ, ಬೇಕಂತಲೇ ಮಾಡಿದ ಹಾಗಿರುತ್ತದೆ. ಮೊದಲ ಸಲ ಹಿಮ್ಮಡಿ ತಿರುಗಿದಾಗ ಆಗುವ ಖುಷಿ ಸ್ವೆಟರ್ ಪೂರ್ತಿ ಮುಗಿಸಿದರೂ ಬರಲ್ಲ, ನೋಡಿ ಬೇಕಾದರೆ. ನೇರವಾಗಿ ಇಳಿಯುತ್ತಿದ್ದ ಕೊಳವೆ ಇದ್ದಕ್ಕಿದ್ದ ಹಾಗೆ ಮಡಚಿಕೊಂಡು ಕಾಲು ಆಗಿಬಿಡುತ್ತದೆ.

ಜೊತೆಗೆ ಇಂಬಳದಿಂದಲೂ ರಕ್ಷಣೆ.

ಬೇಲೂರು_ಸೂಜಿ · ಮಾರ್ಚ್ 12

ಬೆನ್ನು ಸಣ್ಣ ಆಗಿದ್ದಕ್ಕೆ ನಿಮ್ಮ ಕೈ ಬಿಗಿ ಅಂತ ಅಂದುಕೊಂಡಿದ್ದೀರಾ? ತಪ್ಪು ಕೈಯದಲ್ಲ, ನಂಬರಿನದು. ಆ ವಿಡಿಯೋ ಅಮೆರಿಕದವರದು ಇರಬೇಕು. ಅವರ 8 ನಂಬರ್ ಅಂದರೆ 5 ಮಿ.ಮೀ. ಸೂಜಿ. ಅತ್ತೆಯ ಪೆಟ್ಟಿಗೆಯಲ್ಲಿರುವುದು ಹಳೇ ಬ್ರಿಟಿಷ್ ಲೆಕ್ಕದ 8, ಅದು 4 ಮಿ.ಮೀ. ನಮ್ಮ ಅಂಗಡಿಗಳಲ್ಲಿ ಇವತ್ತಿಗೂ ಆ ಹಳೇ ಲೆಕ್ಕವೇ ಜಾಸ್ತಿ. ನಮ್ಮ ಲೆಕ್ಕದಲ್ಲಿ ನಂಬರ್ ಏರಿದಷ್ಟೂ ಸೂಜಿ ಸಣ್ಣ: 10 ಅಂದರೆ 3.25 ಮಿ.ಮೀ. ಅವರಲ್ಲಿ ನಂಬರ್ ಏರಿದಷ್ಟೂ ದಪ್ಪ. ಎರಡೂ ಎದುರುಬದುರು ಓಡುವ ಬಸ್ಸುಗಳು, 8ರ ಹತ್ತಿರ ಎಲ್ಲೋ ಒಂದನ್ನೊಂದು ದಾಟುತ್ತವೆ, ಅಲ್ಲೇ ಜನ ಬೀಳುವುದು. ಅದಕ್ಕೆ ನಾನು ನಂಬರ್ ಕೇಳುವುದನ್ನೇ ಬಿಟ್ಟಿದ್ದೇನೆ. ಮಿ.ಮೀ. ಎಷ್ಟು ಅಂತ ಮಾತ್ರ ಕೇಳುತ್ತೇನೆ.

ಅದರ ಮೇಲೆ ಜಡೆ ವಿನ್ಯಾಸ ಬೇರೆ. ಕುಣಿಕೆಗಳನ್ನು ಒಂದರ ಮೇಲೊಂದು ದಾಟಿಸಿದಾಗ ಬಟ್ಟೆ ಒಳಗೆ ಎಳೆದುಕೊಳ್ಳುತ್ತದೆ. ಸಾದಾ ಹೆಣಿಗೆಯಲ್ಲಿ ಅಳತೆ ತೆಗೆದು ಜಡೆ ಹಾಕಿದರೆ ಅಗಲ ಕಮ್ಮಿಯಾಗೇ ಆಗುತ್ತದೆ. ಮುಂದಿನದು ಏನೇ ಹಾಕಿ, ಒಂದು ಗೇಣು ಚೌಕ ಹೆಣೆದು, ತೊಳೆದು, ಒಣಗಿಸಿ, 10 ಸೆಂ.ಮೀ.ಗೆ ಎಷ್ಟು ಕುಣಿಕೆ ಅಂತ ಎಣಿಸಿ ಆಮೇಲೆ ಶುರು ಮಾಡಿ. ಬೇಜಾರಿನ ಕೆಲಸ ಹೌದು. ಆದರೆ ಗಣಪತಿ ಹಬ್ಬದ ದಿನ ಪೂರ್ತಿ ಬೆನ್ನು ಬಿಚ್ಚುವುದಕ್ಕಿಂತ ವಾಸಿ.

ತೋಳಿನ ಬಣ್ಣದ ವಿಷಯ: ಉಂಡೆಯ ಚೀಟಿಯ ಮೇಲೆ ಶೇಡ್ ನಂಬರ್ ಜೊತೆಗೆ ಲಾಟ್ ನಂಬರ್ ಅಂತ ಇರುತ್ತದೆ. ಶೇಡ್ ಒಂದೇ ಆದರೂ ಲಾಟ್ ಬೇರೆಯಾದರೆ ಬೇರೆ ಪಾತ್ರೆಯಲ್ಲಿ ಬಣ್ಣ ಅದ್ದಿದ್ದು ಅಂತ ಅರ್ಥ. ಬೇರೆ ಲಾಟ್ ಸಿಕ್ಕಿಬಿದ್ದರೆ ಎರಡು ಸಾಲು ಹಳೇ ಉಂಡೆ, ಎರಡು ಸಾಲು ಹೊಸ ಉಂಡೆ ಅಂತ ಬದಲಾಯಿಸುತ್ತಾ ಹೋದರೆ ಕಣ್ಣಿಗೆ ಕಾಣಲ್ಲ. ಈಗ ಹೇಳಿ ಏನು ಪ್ರಯೋಜನ ಅನ್ನಬೇಡಿ, ಮುಂದಿನ ಸಲಕ್ಕೆ.

ಕೊಪ್ಪದ_ಕಾಗೆ · ಮಾರ್ಚ್ 12

ಎಲ್ಲರೂ ಮುಂದೇನು ಮುಂದೇನು ಅಂತ ಓಡುತ್ತಿದ್ದೀರಿ. ಮೊದಲು ಆ ಎಡ ತೋಳು ಬಿಚ್ಚಿ. ಮುಂದಿನ ಕೆಲಸ ಅದೇ. ಎರಡು ಬಣ್ಣದ ತೋಳು ಇಟ್ಟುಕೊಂಡು ‘ಮುಗಿಯಿತು’ ಅನ್ನುವುದು ನನ್ನ ಲೆಕ್ಕದಲ್ಲಿ ಮುಗಿದದ್ದಲ್ಲ.

ಆಲ್ದೂರು_ಉಂಡೆ · ಮಾರ್ಚ್ 12

ಅಮೆರಿಕದ 8! ಆರು ತಿಂಗಳು ನನ್ನ ಕೈಯನ್ನೇ ಬೈದುಕೊಂಡೆನಲ್ಲ. ಅತ್ತೆಗೆ ಓದಿ ಹೇಳಿದೆ. “ನನ್ನ ಸೂಜಿ ಸರಿಯಾಗೇ ಇದೆ” ಅಂದರು, ಅಷ್ಟೇ.

ಕೊಪ್ಪದವರೇ, ನಾನೂ ಅದನ್ನೇ ಯೋಚಿಸಿದೆ. ಕೇಳಿದ್ದಕ್ಕೆ ಇವರು ಕೊಡಲ್ಲ ಅಂದರು. “ಮರಗಳು ನೋಡಿ ನಗುತ್ತವಾ?” ಅಂತ ಕೇಳಿದರು. ಈಗ ದಿನಾ ಬೆಳಿಗ್ಗೆ ಅದನ್ನೇ ಹಾಕಿಕೊಂಡು ಹೋಗುತ್ತಿದ್ದಾರೆ. ಕಾಫಿ ಹೂ ಅರಳಿಸುವ ಹೂಮಳೆ ಬಂದರೆ ಪಂಪ್ ಕೆಲಸ ನಿಲ್ಲುತ್ತದೆ, ಆಗ ತೊಳೆಯಲು ಸಿಗಬಹುದು. ತೊಳೆದ ಮೇಲೆ ಇಸ್ತ್ರಿ ಮಾಡಬಹುದಾ? ನೂಲು ಅಕ್ರಿಲಿಕ್ ಜಾಸ್ತಿ, ಉಣ್ಣೆ ಕಮ್ಮಿ.

ಬೇಲೂರು_ಸೂಜಿ · ಮಾರ್ಚ್ 12

ಇಸ್ತ್ರಿ ಮುಟ್ಟಿಸಲೇಬೇಡಿ! ಅಕ್ರಿಲಿಕ್‌ಗೆ ಜೋರು ಶಾಖ ತಾಗಿದರೆ ಅದರ ಜೀವ ಹೋಗುತ್ತದೆ. ನಾನು ಒಮ್ಮೆ ಉತ್ಸಾಹದಲ್ಲಿ ಸೊಂಟದ ಪಟ್ಟಿಗೆ ಹಬೆ ಕೊಟ್ಟೆ. ಎಳೆದರೆ ವಾಪಸ್ ಹೋಗುತ್ತಿದ್ದ ಪಟ್ಟಿ ಹಳೇ ಲಾಡಿಯ ಹಾಗೆ ಜೋತುಬಿತ್ತು. ಎಷ್ಟು ತೊಳೆದರೂ ಮತ್ತೆ ಬರಲಿಲ್ಲ. ತಣ್ಣೀರಲ್ಲಿ ತೊಳೆದು, ಹಿಂಡದೆ, ಟವೆಲಿನಲ್ಲಿ ಸುತ್ತಿ ಒತ್ತಿ ನೀರು ತೆಗೆಯಿರಿ. ಆಮೇಲೆ ಚಾಪೆ ಮೇಲೆ ಹರಡಿ. ತಂತಿಗೆ ನೇತುಹಾಕಿದರೆ ನೀರಿನ ಭಾರಕ್ಕೆ ಮೊಣಕಾಲುದ್ದ ಆಗುತ್ತದೆ.

ಮತ್ತೆ ಒಂದು ಮಾತು. ಬಿಚ್ಚಲು ಕೊಡದಿದ್ದರೆ ಎದೆ ಮೇಲೆ ಒಂದು ಜೇಬು ಹಾಕಿ, ಎಡ ತೋಳಿನ ಎಳೆ ಹಸಿರಿನಲ್ಲೇ. ಆಗ ಎರಡು ಬಣ್ಣ ತಪ್ಪಾಗಿ ಕಾಣಲ್ಲ, ವಿನ್ಯಾಸ ಆಗುತ್ತದೆ.

ಚಿಕ್ಕಮಗಳೂರು_ಹೊಸಬಳು · ಮಾರ್ಚ್ 13

ನಾನು ಕಲಿಯಲು ಶುರು ಮಾಡಿ ನಾಲ್ಕು ತಿಂಗಳು. ನಿಮ್ಮ ಸ್ವೆಟರ್ ಮುಂದೆ ನನ್ನದು ಹೇಳಿಕೊಳ್ಳುವಂಥದ್ದಲ್ಲ. ಉಳಿದ ನೂಲಿಗೆ ಏನು ಮಾಡಬಾರದು ಅಂತ ಮಾತ್ರ ಹೇಳಬಲ್ಲೆ. ನಾನು ಉಳಿದ ಅಕ್ರಿಲಿಕ್‌ನಲ್ಲಿ ಅಮ್ಮನಿಗೆ ಅಂತ ಎರಡು ಮಸಿ ಅರಿವೆ ಹೆಣೆದೆ, ಚೆನ್ನಾಗಿ ದಪ್ಪಗೆ. ಅಮ್ಮ ಅದರಲ್ಲಿ ಕಾವಲಿ ಹಿಡಿದರು. ಅದು ಕರಗಿ ಕಾವಲಿಯ ಹಿಡಿಗೆ ಅಂಟಿಕೊಂಡಿತು. ಪುಣ್ಯಕ್ಕೆ ಕೈ ಸುಡಲಿಲ್ಲ. ಆ ದೋಸೆ ವಾಸನೆ ಮಾತ್ರ ಮರೆಯೋ ಹಾಗಿಲ್ಲ. ಒಲೆ ಹತ್ತಿರಕ್ಕೆ ಹತ್ತಿ ನೂಲೇ ಸರಿ ಅಂತ ಆಮೇಲೆ ಗೊತ್ತಾಯಿತು.

ಇನ್ನೊಂದು ಅನುಮಾನ. ನನ್ನ ಮಫ್ಲರ್ ಎರಡೂ ಕಡೆ ಚುರುಟಿನ ಥರ ಸುತ್ತಿಕೊಳ್ಳುತ್ತಿದೆ. ಇದು ನನ್ನ ತಪ್ಪಾ?

ನಿವೃತ್ತ_ಟೀಚರ್_ಹಾಸನ · ಮಾರ್ಚ್ 13

ತಪ್ಪಲ್ಲ ಮಗಳೇ. ಒಂದು ಸಾಲು ನಿಟ್ (ಸೀದಾ ಕುಣಿಕೆ), ಒಂದು ಸಾಲು ಪರ್ಲ್ (ಉಲ್ಟಾ ಕುಣಿಕೆ) ಅಂತ ಹೆಣೆದರೆ ಬಟ್ಟೆ ಅಂಚಿನಲ್ಲಿ ಸುತ್ತಿಕೊಳ್ಳುವುದು ಅದರ ಗುಣ. ಎಷ್ಟು ಒತ್ತಿದರೂ ಮತ್ತೆ ಸುತ್ತುತ್ತದೆ. ಎಲ್ಲ ಸಾಲೂ ನಿಟ್ ಹಾಕಿದರೆ ಚಪ್ಪಟೆಯಾಗಿ ಮಲಗುತ್ತದೆ. ಈ ಸಲ ಎರಡೂ ಅಂಚಿಗೆ ನಾಲ್ಕೈದು ಕುಣಿಕೆ ಯಾವಾಗಲೂ ನಿಟ್ಟೇ ಹಾಕಿ ನೋಡು, ಎಷ್ಟೋ ವಾಸಿ ಆಗುತ್ತದೆ.

ಆಲ್ದೂರಿನವರೇ, ನಿಮ್ಮ ಪ್ರಶ್ನೆ ಓದಿ ನನ್ನ ತಾಯಿ ನೆನಪಾದರು. ಅವರಿಗೆ ಸೂಜಿ ಅಂಗಡಿಯಿಂದ ಬಂದದ್ದಲ್ಲ. ನಮ್ಮ ತಂದೆ ಸೈಕಲ್ಲಿನ ಹಳೇ ಕಡ್ಡಿಗಳನ್ನು ಕತ್ತರಿಸಿ, ತುದಿಯನ್ನು ಜಗಲಿ ಕಲ್ಲಿಗೆ ಉಜ್ಜಿ ನಯ ಮಾಡಿಕೊಟ್ಟಿದ್ದರು. ಅಷ್ಟು ಸಣ್ಣ ಕಡ್ಡಿಯಲ್ಲಿ ಕುಲಾವಿ ಹೆಣೆದರೆ ನೀರು ಹಾಕಿದರೂ ಸೋರದಷ್ಟು ಒತ್ತು. ಬೀದಿಯಲ್ಲಿ ಯಾರಿಗೆ ದಿನ ತುಂಬಿದರೂ ಅಮ್ಮನ ಕೈಯಲ್ಲಿ ಒಂದು ಹೆಣಿಗೆ ಇರುತ್ತಿತ್ತು. ಯಾರಿಗೆ ಅಂತ ಮಾತ್ರ ಹೇಳುತ್ತಿರಲಿಲ್ಲ.

ಅದಕ್ಕೇ ಹೇಳುತ್ತಿದ್ದೇನೆ, ಅತ್ತೆಯ ಮಾತು ಮೀರಬೇಡಿ, ಕುಂಚಿಗೆಯನ್ನೂ ಬಿಡಬೇಡಿ. ಕುಂಚಿಗೆ ಅಂದರೆ ಏನು? ಒಂದು ಉದ್ದ ಪಟ್ಟಿ. ಸುಮಾರು 15 ಸೆಂ.ಮೀ. ಅಗಲ, 34 ಸೆಂ.ಮೀ. ಉದ್ದ ಹೆಣೆಯಿರಿ, ಎಲ್ಲ ಸಾಲೂ ನಿಟ್. ಅದನ್ನು ಉದ್ದಕ್ಕೆ ನಡುವಿಗೆ ಮಡಚಿ ಒಂದು ಕಡೆ ಹೊಲಿದರೆ ಅದು ತಲೆಯ ಹಿಂಭಾಗ. ಇನ್ನೊಂದು ಕಡೆ ಮುಖ. ಕೆಳಗಿನ ಅಂಚಿನಿಂದ ಕುಣಿಕೆ ಎತ್ತಿಕೊಂಡು ಬೆನ್ನ ಮೇಲೆ ಇಳಿಬೀಳುವ ಭಾಗ ಹೆಣೆದರೆ ಕುಂಚಿಗೆ. ಆ ಹಿಂದಿನ ಹೊಲಿಗೆ ಬೀಳುವವರೆಗೂ ಅದು ಕುಂಚಿಗೆ ಅಲ್ಲವೇ ಅಲ್ಲ. ಬರೀ ಪಟ್ಟಿ. ಪಟ್ಟಿ ಹೆಣೆದಿಟ್ಟುಕೊಳ್ಳಿ. ಮಗು ಹುಟ್ಟಿದ ಸುದ್ದಿ ಬಂದ ದಿನ ಹೊಲಿಯಿರಿ, ಆಮೇಲೆ ಇಳಿಭಾಗ ಹೆಣೆಯಿರಿ. ಹನ್ನೊಂದನೇ ದಿನಕ್ಕೆ ಆರಾಮಾಗಿ ಮುಗಿಯುತ್ತದೆ.

ಕಡೂರು_ಬಯಲು · ಮಾರ್ಚ್ 14

ಟೀಚರ್ ಉಪಾಯಕ್ಕೆ ನನ್ನ ಓಟು.

ನಾನು ಗಂಡಸು, ಹೆಣೆಯುತ್ತೇನೆ, ಅದಕ್ಕೆ ಬಸ್ಸಿನಲ್ಲಿ ಜನ ತಿರುಗಿ ನೋಡುತ್ತಾರೆ. ನಮ್ಮ ತಾತ ಕುರಿ ಸಾಕಿ, ಕುಣಿ ಮಗ್ಗದಲ್ಲಿ ಕಂಬಳಿ ನೇಯುತ್ತಿದ್ದವರು. ಮನೆಯಲ್ಲಿ ಅಜ್ಜಿ ನೂಲುತ್ತಿದ್ದರು, ತಾತ ನೇಯುತ್ತಿದ್ದರು. ಆಗ ಯಾರೂ ತಿರುಗಿ ನೋಡುತ್ತಿರಲಿಲ್ಲ. ಹುಣಸೆ ಬೀಜ ಬೇಯಿಸಿ ಅರೆದು ಗಂಜಿ ಮಾಡಿ ನೂಲಿಗೆ ಬಳಿಯುತ್ತಿದ್ದ ವಾಸನೆ ಇನ್ನೂ ಮೂಗಿನಲ್ಲಿದೆ. ಗಂಜಿ ಹಾಕಿದ ಆ ಕಂಬಳಿಯನ್ನು ಕೊಪ್ಪೆ ಮಾಡಿ ತಲೆ ಮೇಲೆ ಹಾಕಿಕೊಂಡರೆ ಸಣ್ಣ ಮಳೆ ಒಳಗೆ ಇಳಿಯುತ್ತಿರಲಿಲ್ಲ. ನಿಮ್ಮ ಮಲೆನಾಡಿನವರೂ ತೊಗೊಂಡು ಹೋಗುತ್ತಿದ್ದರು.

ಆ ನೂಲಿನಲ್ಲಿ ಸ್ವೆಟರ್ ಹಾಕೋಣ ಅಂತ ಒಮ್ಮೆ ಪ್ರಯತ್ನ ಪಟ್ಟೆ. ದಖ್ಖನಿ ಕುರಿಯ ಉಣ್ಣೆ ತುಂಬಾ ಒರಟು. ಮೆರಿನೋ ಥರ ಕತ್ತಿಗೆ ತಾಗಿಸಿಕೊಳ್ಳುವಂಥದ್ದಲ್ಲ. ಒಂದು ದಿನ ಹಾಕಿ ಕತ್ತೆಲ್ಲಾ ಕೆಂಪಾಯಿತು. ಬಿಚ್ಚಿ ಕೂರುವ ಮಣೆಗೆ ಹೊದಿಕೆ ಮಾಡಿದೆ, ಆರು ವರ್ಷ ಆಯಿತು, ಜಗ್ಗಿಲ್ಲ. ಒಂದೊಂದು ನೂಲಿಗೆ ಒಂದೊಂದು ಕೆಲಸ. ನಾನು ಮುಂದಿನದನ್ನು ಆರಿಸುವುದು ಹೀಗೆ: ಮೊದಲು ನೂಲು ಕೈಯಲ್ಲಿ ಹಿಡಿದು, ಕೆನ್ನೆಗೆ ಒತ್ತಿ, ಮೂರು ದಿನ ಅದನ್ನು ಟಿವಿ ಪಕ್ಕ ಇಟ್ಟು ನೋಡುತ್ತೇನೆ. ಆಮೇಲೆ ಅದು ಏನಾಗಬೇಕು ಅಂತ ಯೋಚನೆ. ನಿಮ್ಮ 130 ಗ್ರಾಂ ಅಕ್ರಿಲಿಕ್ ಮಗುವಿನ ಕುಂಚಿಗೆ ಆಗಲು ಹುಟ್ಟಿದ್ದಲ್ಲ ಅನ್ನಿಸುತ್ತದೆ.

ಸಕಲೇಶಪುರ_ಜಡಿಮಳೆ · ಮಾರ್ಚ್ 14

ಅದಕ್ಕೇ ಸಾಕ್ಸ್ ಅಂದಿದ್ದು! ಯಾಕೆ ಯಾರೂ ಕೇಳುತ್ತಿಲ್ಲ.

ಕೊಪ್ಪದ_ಕಾಗೆ · ಮಾರ್ಚ್ 14

ಸಾಕ್ಸ್ ಸರಿ. ಆದರೆ ಇಂಬಳದಿಂದ ರಕ್ಷಣೆ ಅಂದಿರಲ್ಲ, ಅದನ್ನು ಮಾತ್ರ ಒಪ್ಪಲ್ಲ. ಇಂಬಳಕ್ಕೆ ಹೆಣೆದ ಸಾಕ್ಸ್ ಅಂದರೆ ಬಾಗಿಲು ತೆಗೆದಿಟ್ಟ ಮನೆ. ಕುಣಿಕೆ ಕುಣಿಕೆಯ ನಡುವೆ ತಲೆ ತೂರಿಸುತ್ತದೆ. ಹಸಿದ ಇಂಬಳ ದಾರದಷ್ಟು ಸಣ್ಣ ಇರುತ್ತದೆ ಅಂತ ನಿಮಗೆ ನಾನು ಹೇಳಬೇಕಾ? ಒಳಗೆ ಹೋಗಿ ಕುಡಿದು ಉಬ್ಬಿದ ಮೇಲೆ ಹೊರಗೆ ಬರಲಾಗದೆ ಅಲ್ಲೇ ಸಂಸಾರ ಹೂಡುತ್ತದೆ. ಇಂಬಳದ ಸಾಕ್ಸ್ ಅಂದರೆ ಒತ್ತಾಗಿ ನೇಯ್ದ ಬಟ್ಟೆಯಲ್ಲಿ ಮೊಣಕಾಲವರೆಗೆ ಹೊಲಿದ ಚೀಲ. ಮೇಲೆ ಲಾಡಿ ಕಟ್ಟಬೇಕು. ಹೆಣೆದದ್ದಲ್ಲ, ನೇಯ್ದದ್ದು.

ಸಕಲೇಶಪುರ_ಜಡಿಮಳೆ · ಮಾರ್ಚ್ 14

ಒಪ್ಪಿದೆ, ಒಪ್ಪಿದೆ. ನಾನು ಹೆಣೆದ ಸಾಕ್ಸ್ ಒಳಗೆ, ಅದರ ಮೇಲೆ ಬಟ್ಟೆ ಚೀಲ, ಅದರ ಮೇಲೆ ಬೂಟು ಹಾಕುವವನು. ಸುಣ್ಣ ಹೊಗೆಸೊಪ್ಪು ಬೇರೆ ಸವರಿಕೊಳ್ಳುತ್ತೇನೆ. ಇಷ್ಟೆಲ್ಲಾ ಮಾಡಿದ ಮೇಲೆ ಯಾವುದರಿಂದ ಇಂಬಳ ಕಚ್ಚಲಿಲ್ಲ ಅಂತ ಹೇಗೆ ಗೊತ್ತಾಗಬೇಕು? ಕೀರ್ತಿಯನ್ನು ಸಾಕ್ಸಿಗೆ ಕೊಟ್ಟುಬಿಟ್ಟೆ.

ಚಿಕ್ಕಮಗಳೂರು_ಹೊಸಬಳು · ಮಾರ್ಚ್ 15

ಇಲ್ಲಿ ಇಂಬಳದ ಚರ್ಚೆಯೂ ನಡೆಯುತ್ತೆ ಅಂತ ಗೊತ್ತಿರಲಿಲ್ಲ 😄 ಒಂದು ಕೇಳಲಾ? ಒಂದು ಮುಗಿದ ತಕ್ಷಣ ಖುಷಿ ಆಗಬೇಕಲ್ವಾ? ನನ್ನ ಮೊದಲ ಮಫ್ಲರ್ ಮುಗಿದ ದಿನ ಯಾಕೋ ಮಂಕಾಗಿ ಕೂತಿದ್ದೆ. ಸುಮ್ನೆ ಅರ್ಧ ಬಿಚ್ಚಿ ಮತ್ತೆ ಹೆಣೆದೆ.

ಬೇಲೂರು_ಸೂಜಿ · ಮಾರ್ಚ್ 15

ಆಗುತ್ತದೆ. ಮಗಳ ಮದುವೆ ಮುಗಿದ ಮಾರನೇ ದಿನ ಚಪ್ಪರ ಬಿಚ್ಚುವಾಗ ಆಗುವಂಥದ್ದೇ. ನನ್ನ ಉಪಾಯ, ಒಂದು ಮುಗಿಯುವ ಮೊದಲೇ ಇನ್ನೊಂದನ್ನು ಸೂಜಿಗೆ ಏರಿಸಿಬಿಡುವುದು. ಹಾಗಾಗಿ ನನ್ನ ಮನೆಯಲ್ಲಿ ಈಗ ಏಳು ಅರೆಬರೆ ಇವೆ. ಒಂದು ಕೈಗವಸಿನ ಜೊತೆಯಲ್ಲಿ ಎಡಗೈ ಮಾತ್ರ ಇದೆ, 2019ರಿಂದ. ಯಾರಾದರೂ ಕೇಳಿದರೆ, ಹಳೇಬೀಡಿನ ದೇವಸ್ಥಾನಕ್ಕೇ ಶಿಖರ ಇಲ್ಲ, ನನ್ನ ಬಲಗೈ ಗವಸು ಯಾವ ಲೆಕ್ಕ ಅನ್ನುತ್ತೇನೆ. ಈಗ ಯುನೆಸ್ಕೋದವರೂ ಒಪ್ಪಿದ್ದಾರೆ, 2023ರಲ್ಲಿ ಪಟ್ಟಿಗೆ ಸೇರಿಸಿದರಲ್ಲ.

ಆದರೂ ಆಲ್ದೂರಿನವರೇ, ನೀವು ನನ್ನ ದಾರಿ ಹಿಡಿಯಬೇಡಿ. ನೀವು ಒಂದನ್ನೇ ಹಿಡಿದು ಮುಗಿಸುವ ಪೈಕಿ ಅಂತ ಕಾಣುತ್ತದೆ. ದೊಡ್ಡದಾದ ಮೇಲೆ ಒಂದು ಸಣ್ಣದು ಮಾಡಿ. ಎರಡು ಸಂಜೆಯಲ್ಲಿ ಮುಗಿಯುವಂಥದ್ದು. ಆ ಜೇಬು ಅದಕ್ಕೇ ಸರಿ.

ಆಲ್ದೂರು_ಉಂಡೆ · ಮಾರ್ಚ್ 18

ಜೇಬು ಆಯಿತು. 26 ಕುಣಿಕೆ, ಎರಡು ಸಂಜೆ. ಎಳೆ ಹಸಿರಿನಲ್ಲೇ ಹಾಕಿದೆ. ಸ್ವೆಟರ್ ಕೊಡಲು ಇವರು ಒಪ್ಪದೆ, ಮೈಮೇಲೆ ಇರುವಾಗಲೇ ಗುಂಡುಸೂಜಿ ಚುಚ್ಚಿ ಜಾಗ ಗುರುತು ಮಾಡಿಕೊಂಡು, ರಾತ್ರಿ ಮಲಗಿದ ಮೇಲೆ ಹೊಲಿದೆ. ಬೆಳಿಗ್ಗೆ ಎದ್ದು ನೋಡಿ ಏನೂ ಅನ್ನಲಿಲ್ಲ. ಪಂಪ್‌ಸೆಟ್ ಕೀಲಿಯನ್ನು ಅದರೊಳಗೆ ಹಾಕಿ ಎರಡು ಸಲ ತಟ್ಟಿಕೊಂಡು ಹೊರಟರು. ಕೊಪ್ಪದವರೇ, ಈಗ ನಿಜವಾಗಲೂ ಮುಗಿಯಿತು ಅನ್ನಬಹುದಾ?

ಕುಂಚಿಗೆ ಪಟ್ಟಿ ಹಾಕುವುದು ಅಂತ ಮನಸ್ಸು ಮಾಡಿದ್ದೇನೆ. ಟೀಚರ್, ನೂಲು ಯಾವುದು ತರಲಿ? ಅಳತೆ ಯಾವ ತಿಂಗಳ ಮಗುವಿಗೆ?

ಕೊಪ್ಪದ_ಕಾಗೆ · ಮಾರ್ಚ್ 18

ಅನ್ನಬಹುದು.

ನಿವೃತ್ತ_ಟೀಚರ್_ಹಾಸನ · ಮಾರ್ಚ್ 19

ಮೆತ್ತಗಿನ ಹತ್ತಿ ನೂಲು ತನ್ನಿ. ಇಲ್ಲದಿದ್ದರೆ ಹತ್ತಿ ಮಿಶ್ರದ್ದು. ಜೂನ್‌ನಲ್ಲಿ ಮಗುವಿನ ಬಟ್ಟೆ ದಿನಕ್ಕೆ ಹತ್ತು ಸಲ ಒಗೆಯಬೇಕು, ಬಿಸಿನೀರು ಬೀಳುತ್ತದೆ. ಉಣ್ಣೆಯನ್ನು ಬಿಸಿನೀರಲ್ಲಿ ಉಜ್ಜಿದರೆ ಕುಗ್ಗಿ ಗಟ್ಟಿಯಾಗಿ ಗೊಂಬೆಯ ಟೋಪಿ ಆಗುತ್ತದೆ. ಹತ್ತಿ ತಡೆಯುತ್ತದೆ. ಒಂದೇ ಕಷ್ಟ, ಮಳೆಗಾಲದಲ್ಲಿ ಒಣಗಲ್ಲ. ಬಚ್ಚಲ ಒಲೆ ಇರುವ ಮನೆಯಾದರೆ ಯೋಚನೆ ಇಲ್ಲ.

ಈಗಷ್ಟೇ ಹುಟ್ಟಿದ ಮಗುವಿನ ತಲೆ ಸುತ್ತಳತೆ ಸುಮಾರು 35 ಸೆಂ.ಮೀ. ಮೂರು ತಿಂಗಳಿಗೆ 40ರ ಆಸುಪಾಸು, ವರ್ಷಕ್ಕೆ 46ರ ಹತ್ತಿರ. ಮೊದಲ ತಿಂಗಳುಗಳಲ್ಲಿ ತಲೆ ಓಡುವ ಓಟ ನೋಡಿದಿರಾ? ಅದಕ್ಕೆ ನಾನು ಯಾವಾಗಲೂ ಮೂರು ತಿಂಗಳ ಅಳತೆಗೆ ಹಾಕುವವಳು. ಮೊದಲು ಸ್ವಲ್ಪ ದೊಗಲೆ ಅನ್ನಿಸಿದರೂ ಚಳಿಗಾಲದವರೆಗೆ ಬರುತ್ತದೆ. ಮೊದಲೇ ಹೇಳಿದ 15 ಮತ್ತು 34 ಆ ಲೆಕ್ಕದ್ದೇ. ನಿಮ್ಮ ನೂಲಿಗೆ 10 ಸೆಂ.ಮೀ.ಗೆ 22 ಕುಣಿಕೆ ಬಂದರೆ 33 ಕುಣಿಕೆ ಹಾಕಿ. ಬರದಿದ್ದರೆ ಲೆಕ್ಕ ಬದಲಾಯಿಸಿ, ಬೇಲೂರಿನವರು ಹೇಳಿದ ಗೇಣು ಚೌಕ ಅದಕ್ಕೇ.

ಗುಂಡಿ ಬೇಡ, ಮಗು ಬಾಯಿಗೆ ಹಾಕುತ್ತದೆ. ಕತ್ತಿಗೆ ಉದ್ದ ಲಾಡಿ ಬೇಡ, ಸುತ್ತಿಕೊಳ್ಳುವ ಭಯ. ಜೂಲುಜೂಲಾದ ನೂಲಂತೂ ಬೇಡವೇ ಬೇಡ, ಎಳೆ ಕಿತ್ತು ಮೂಗಿಗೆ ಹೋಗುತ್ತದೆ. ಹೊರಗೆ ಎತ್ತಿಕೊಂಡು ಹೋಗುವಾಗ ಹಾಕಲಿ, ತೊಟ್ಟಿಲಲ್ಲಿ ಮಲಗಿಸುವಾಗ ತೆಗೆದುಬಿಡಲಿ. ನಮ್ಮ ಕಾಲದಲ್ಲಿ ಮಗುವನ್ನು ಮೂಟೆ ಕಟ್ಟಿದ ಹಾಗೆ ಕಟ್ಟಿಡುತ್ತಿದ್ದರು, ಈಗ ನರ್ಸುಗಳು ಬೈಯುತ್ತಾರೆ. ಬೈಯುವುದೇ ಸರಿ ಅಂತ ನನಗೂ ಅನ್ನಿಸುತ್ತದೆ.

ಕಡೂರು_ಬಯಲು · ಮಾರ್ಚ್ 19

ಬಣ್ಣ ತರುವ ಮೊದಲು ಉಂಡೆಯನ್ನು ಅಂಗಡಿ ಬಾಗಿಲಿಗೆ ತಂದು ಬಿಸಿಲಲ್ಲಿ ನೋಡಿ. ಅಂಗಡಿಯವರು ಏನಾದರೂ ಅಂದುಕೊಳ್ಳಲಿ.

ಆಲ್ದೂರು_ಉಂಡೆ · ಏಪ್ರಿಲ್ 7

ತಡವಾಗಿ ಬರೆಯುತ್ತಿದ್ದೇನೆ. ಹೂಮಳೆ ಬಂತು. ತೋಟ ಬೆಳ್ಳಗಾಗಿದೆ, ಮನೆಯೊಳಗೂ ಮಲ್ಲಿಗೆಯಂಥ ವಾಸನೆ. ಸ್ವೆಟರ್ ಕೊನೆಗೂ ತೊಳೆಯಲು ಸಿಕ್ಕಿತು. ಚಾಪೆ ಮೇಲೆ ಹರಡಿದೆ, ಇಸ್ತ್ರಿ ಮುಟ್ಟಿಸಿಲ್ಲ. ಈಗ ಲಾವಂಚದ ಬೇರಿನ ಜೊತೆ ಟ್ರಂಕಿನಲ್ಲಿದೆ. ಹಸಿರು ನೂಲು ಸಾಕ್ಸಿಗೆ ಅಂತ ತೆಗೆದಿಟ್ಟಿದ್ದೇನೆ ಸಕಲೇಶಪುರದವರೇ, ಮಳೆ ಹಿಡಿಯಲಿ.

ಪಟ್ಟಿ ವಿಷಯ. ಗೇಣು ಚೌಕ ಹಾಕಿ ಎಣಿಸಿದೆ, ನನ್ನ ಕೈಗೆ 10 ಸೆಂ.ಮೀ.ಗೆ 20 ಬಂತು. 30 ಕುಣಿಕೆ ಹಾಕಿ ಶುರು ಮಾಡಿದೆ. ಅತ್ತೆ ಮಧ್ಯಾಹ್ನ ಮಲಗಿದಾಗ ಹೆಣೆಯುವುದು, ಎದ್ದ ಸದ್ದಾದರೆ ಸೆರಗಿನಡಿ ಇಡುವುದು. ಐದನೇ ದಿನ ಸಿಕ್ಕಿಬಿದ್ದೆ. ಹಿಂದಿನಿಂದ ಬಂದು ನಿಂತಿದ್ದರು.

“ಏನದು?”

ಬಾಯಿಗೆ ಬಂದದ್ದು ಹೊಸಬಳು ಬರೆದ ಮಾತೇ. “ಮಸಿ ಅರಿವೆ ಅತ್ತೆ” ಅಂದೆ.

ಕೈಯಲ್ಲಿ ತೆಗೆದುಕೊಂಡು ಹೆಬ್ಬೆರಳಿನಲ್ಲಿ ಉಜ್ಜಿ ನೋಡಿದರು. ಕೆನ್ನೆಗೂ ಒಮ್ಮೆ ಒತ್ತಿದರು. ಎಪ್ಪತ್ತೆಂಟು ವರ್ಷ, ಕಣ್ಣು ಮಂದ, ಬೆರಳು ಮಾತ್ರ ಚುರುಕು. ಏನೂ ಹೇಳದೆ ವಾಪಸ್ ಕೊಟ್ಟು ಹೋದರು. ನನಗೆ ಆ ದಿನವೆಲ್ಲಾ ಸಂಕಟ. ಮಾರನೇ ದಿನ ಮಧ್ಯಾಹ್ನ ಅವರು ಮಲಗಲಿಲ್ಲ. ನನ್ನ ಪಕ್ಕದಲ್ಲಿ ಬಂದು ಕೂತು, ಪಟ್ಟಿಯನ್ನು ತಮ್ಮ ಮೊಣಕಾಲ ಚಿಪ್ಪಿನ ಮೇಲೆ ಮಡಚಿ ಕೂರಿಸಿ ನೋಡಿದರು. ಹೌದು, ತಲೆಗೆ ಇಡುವ ಹಾಗೇ.

“ಮಸಿ ಅರಿವೆ ಗಿಡ್ಡ ಆಯಿತು. ಇನ್ನು ಎರಡು ಬೆರಳು ಉದ್ದ ಹಾಕು. ನಮ್ಮ ಮನೆಯವರ ಪಾತ್ರೆ ದೊಡ್ಡದು.”

ಅಷ್ಟು ಹೇಳಿ ಎದ್ದು ಹೋದರು.

ನಿವೃತ್ತ_ಟೀಚರ್_ಹಾಸನ · ಏಪ್ರಿಲ್ 7

ಅತ್ತೆ ಹೇಳಿದಷ್ಟು ಹಾಕಿ. ನನ್ನ 34 ಬಿಟ್ಟುಬಿಡಿ.

ಚಿಕ್ಕಮಗಳೂರು_ಹೊಸಬಳು · ಏಪ್ರಿಲ್ 7

ನನ್ನ ಮಸಿ ಅರಿವೆ ಕೊನೆಗೂ ಒಂದು ಕೆಲಸಕ್ಕೆ ಬಂತು 😭

ಕೊಪ್ಪದ_ಕಾಗೆ · ಏಪ್ರಿಲ್ 8

ಎರಡು ಬೆರಳು ಜಾಸ್ತಿ ಹಾಕಲು ನೂಲು ಸಾಲುತ್ತದಾ? ಲಾಟ್ ನಂಬರ್ ನೋಡಿ ತಂದಿದ್ದೀರಿ ತಾನೇ?

ಆಲ್ದೂರು_ಉಂಡೆ · ಏಪ್ರಿಲ್ 8

ನಾಲ್ಕು ಉಂಡೆ, ಒಂದೇ ಲಾಟ್. ಬಾಗಿಲಿಗೆ ತಂದು ಬಿಸಿಲಿಗೂ ಹಿಡಿದು ನೋಡಿದೆ. ಚೀಟಿ ನಾಲ್ಕನ್ನೂ ಕ್ಯಾಲೆಂಡರಿನ ಹಿಂದೆ ಸಿಕ್ಕಿಸಿಟ್ಟಿದ್ದೇನೆ.